ಬರೀ ಕಂಬಕ್ಕೆ ಬೀಸಿದ ಗಾಳಿ

ನಮ್ಮ ವಿಮಾನ ಎಂಜಿನಿಯರಿಂಗ್ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎದುರಿಗೆ ಸಿಕ್ಕರೆ ಸರ್, ಬೆನ್ನ ಹಿಂದೆ ಟೇರ್ ಮೇಷ್ಟ್ರು. ಆ ಅಡ್ಡಹೆಸರು ಇಟ್ಟವಳು ನಾನೇ ಎಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇದೆ. ಗುಮಾನಿ ಸುಳ್ಳೇನಲ್ಲ.

ಟೇರ್ ಎಂದರೆ ಬ್ರಹ್ಮವಿದ್ಯೆಯೇನೂ ಅಲ್ಲ. ಪಾತ್ರೆ ಹಿಡಿದುಕೊಂಡು ಎಣ್ಣೆ ತರಲು ಹೋದರೆ ಅಂಗಡಿಯವನು ಮೊದಲು ಖಾಲಿ ಪಾತ್ರೆ ತೂಗಿ, ಆ ತೂಕವನ್ನು ಆಮೇಲೆ ಕಳೆಯುತ್ತಾನಲ್ಲ, ಅದೇ ಲೆಕ್ಕ. ಗಾಳಿ ಸುರಂಗದೊಳಗೆ ರೆಕ್ಕೆಯ ಮಾದರಿಯನ್ನು ಒಂದು ಉಕ್ಕಿನ ಕಂಬದ ಮೇಲೆ ಕೂರಿಸಿ, ದೊಡ್ಡ ಫ್ಯಾನಿನಿಂದ ಗಾಳಿ ಬಿಡುತ್ತಾರೆ. ಗಾಳಿ ಎಷ್ಟು ಬಲವಾಗಿ ತಳ್ಳುತ್ತಿದೆ ಎಂದು ಕೆಳಗಿನ ತಕ್ಕಡಿ ತೋರಿಸುತ್ತದೆ. ಆದರೆ ಗಾಳಿಗೆ ರೆಕ್ಕೆ ಯಾವುದು, ಕಂಬ ಯಾವುದು ಎಂಬ ಭೇದವಿಲ್ಲ. ಎರಡನ್ನೂ ತಳ್ಳುತ್ತದೆ. ಆದ್ದರಿಂದ ಮಾದರಿಯನ್ನು ಬಿಚ್ಚಿಟ್ಟು, ಬರೀ ಕಂಬಕ್ಕೆ ಗಾಳಿ ಬಿಟ್ಟು, ಕಂಬದ ಪಾಲೆಷ್ಟು ಎಂದು ನೋಡಿ ಕಳೆಯಬೇಕು. ಆ ಪಾಲೇ ಟೇರ್. ಯಾವ ವಿದ್ಯಾರ್ಥಿ ಯಾವ ಫಲಿತಾಂಶ ತಂದರೂ ಮೇಷ್ಟ್ರ ಮೊದಲ ಪ್ರಶ್ನೆ, "ಟೇರ್ ತೆಗೆದ್ಯಾ?" ಮದುವೆಗೆ ಕರೆಯಲು ಬಂದ ಹಳೇ ಶಿಷ್ಯನನ್ನೂ ಹಾಗೇ ಕೇಳಿದರಂತೆ. ಇದು ನಾನು ಕಟ್ಟಿದ ಕತೆ, ಆದರೆ ನಂಬದವರು ಇಲ್ಲಿಯವರೆಗೆ ಸಿಕ್ಕಿಲ್ಲ.

ನನ್ನ ಕಸುಬು ಬೇರೆ. ಲೋಹದ ಪಟ್ಟಿಗಳನ್ನು ಬಗ್ಗಿಸಿ, ಮುರಿದು, ಎಲ್ಲಿಂದ ಮುರಿಯಿತು ಎಂದು ನೋಡುವುದು. ನನ್ನ ಹಣೆಬರಹಕ್ಕೆ ನನ್ನ ಕೋಣೆಗೂ ಸುರಂಗದ ಹಾಲಿಗೂ ಮಧ್ಯೆ ಒಂದೇ ಗೋಡೆ. ಫ್ಯಾನ್ ಶುರುವಾಯಿತೆಂದರೆ ನನ್ನ ಟೇಬಲ್ಲಿನ ಮೇಲಿನ ಪೆನ್ನು ತಾನಾಗಿ ಉರುಳಿ ಕೆಳಗೆ ಬೀಳುತ್ತಿತ್ತು. ಈ ವಿಚಾರಕ್ಕೆ ನಾವಿಬ್ಬರೂ ಆಡದ ಜಗಳವಿಲ್ಲ. ಸದ್ದಿಗೆ ಮುಂಚೆ ಎರಡು ಕೂಗು ಕೇಳುತ್ತಿದ್ದವು. ಸ್ವಿಚ್ಚಿನ ಹತ್ತಿರ ಕೂತವರು "ಗಾಳಿ!" ಎನ್ನಬೇಕು. ಗಾಜಿನ ಕಿಟಕಿಯ ಹತ್ತಿರ ನಿಂತವರು ಒಳಗೆ ಯಾರೂ ಇಲ್ಲ, ಯಾವ ಸ್ಪ್ಯಾನರೂ ಮರೆತಿಲ್ಲ ಎಂದು ಕಣ್ಣಾರೆ ನೋಡಿ "ಬಿಡಿ!" ಎನ್ನಬೇಕು. ಉತ್ತರ ಬಾರದೆ ಸ್ವಿಚ್ ಒತ್ತುವ ಹಾಗಿಲ್ಲ, ಒಬ್ಬರೇ ಸುರಂಗ ಓಡಿಸುವ ಹಾಗೂ ಇಲ್ಲ. ಕಟ್ಟಳೆ ಮೇಷ್ಟ್ರದೇ. ಅವರಾದರೂ ಅದನ್ನು ಒಮ್ಮೆಯೂ ಮೀರಿದವರಲ್ಲ.

ಇನ್ನೊಂದು ಪದ್ಧತಿಯನ್ನೂ ಅವರೇ ಹಾಕಿದ್ದರು. ವಿದ್ಯಾರ್ಥಿಯ ವೈವಾ ಮುಗಿದು ಡಾಕ್ಟರೇಟ್ ಸಿಕ್ಕಿತೆಂದಾದ ದಿನ, ಗೈಡ್ ಮತ್ತು ವಿದ್ಯಾರ್ಥಿ ಇಬ್ಬರೇ ಸುರಂಗಕ್ಕೆ ಹೋಗಿ, ಮಾದರಿ ಬಿಚ್ಚಿ, ಬರೀ ಕಂಬಕ್ಕೆ ಒಮ್ಮೆ ಗಾಳಿ ಬಿಡುವುದು. ಶುರುವಿನಲ್ಲಿದ್ದ ಟೇರ್ ಕೊನೆಯಲ್ಲೂ ಅಷ್ಟೇ ಬಂದರೆ ನಡುವಿನದೆಲ್ಲ ಸಾಚಾ. ಇದಕ್ಕೆ ಕೊನೆ ಗಾಳಿ ಎನ್ನುತ್ತಿದ್ದೆವು. ಅದಾದ ಮೇಲೆ ಮಾದರಿಯನ್ನು ವಿದ್ಯಾರ್ಥಿ ಮನೆಗೆ ಒಯ್ಯುತ್ತಿದ್ದ. ಮೇಷ್ಟ್ರು ಬಾಗಿಲವರೆಗೆ ಬಂದು ಬೀಳ್ಕೊಟ್ಟು, ತಿರುಗಿ ಹೋಗಿ ಫ್ಯಾನಿನ ಬೀಗ ಹಾಕುತ್ತಿದ್ದರು. ಹೀಗೆ ಬೀಳ್ಕೊಟ್ಟು ಬೀಳ್ಕೊಟ್ಟೇ ಅವರಿಗೆ ವಯಸ್ಸಾಯಿತು.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವಷ್ಟು ಸಲಿಗೆ ಯಾರಿಗೂ ಕೊಟ್ಟಿರಲಿಲ್ಲ. ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಲ್ಲಿ ಅವರೂ ಅವರ ಅಕ್ಕನೂ ಇದ್ದರು. ಅಕ್ಕ ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವರು. ಮಾತುಗಾರ್ತಿ. ಮೇಷ್ಟ್ರು ಇಡೀ ದಿನ ಉಳಿಸಿಟ್ಟ ಮಾತನ್ನೆಲ್ಲ ಆಕೆ ಖರ್ಚು ಮಾಡುತ್ತಿದ್ದರು. "ನನ್ನ ತಮ್ಮಂಗೆ ಯಂತ್ರದ ಹತ್ರ ಮಾತಾಡೋಕೆ ಬರತ್ತೆ, ಮನುಷ್ಯರ ಹತ್ರ ಬರಲ್ಲ ಕಣಮ್ಮ," ಎಂದು ನನಗೆ ಒಮ್ಮೆ ಹೇಳಿದ್ದರು. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಸರಿಯಾಗಿ ಉಣ್ಣುವುದಿಲ್ಲ ಎಂದು ಡಬ್ಬಿಗೆ ಯಾವಾಗಲೂ ಇಬ್ಬರಿಗೆ ಆಗುವಷ್ಟು ತುಂಬುತ್ತಿದ್ದರು.

ಗುಬ್ಬಿ ಬಂದದ್ದು ಆ ಡಬ್ಬಿಯ ಕೊನೆಗಾಲದಲ್ಲಿ. ಗುಬ್ಬಿ ಎಂದರೆ ಮೇಷ್ಟ್ರ ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಗಿಡ್ಡ ಹುಡುಗಿ, ಒಂದು ನಿಮಿಷ ಒಂದು ಕಡೆ ಕೂರುವವಳಲ್ಲ, ಓದುತ್ತಿದ್ದದ್ದೂ ರೆಕ್ಕೆಯ ಮೇಲೆ. ಹೆಸರು ತಾನಾಗಿ ಅಂಟಿಕೊಂಡಿತು. ರೆಕ್ಕೆಯ ತುದಿಯಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಬಿಟ್ಟರೆ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬುದು ಅವಳ ವಾದ. ಅವಳು ಸೇರಿದ ವರ್ಷವೇ ಅಕ್ಕ ಮಲಗಿದಲ್ಲೇ ಹೋಗಿಬಿಟ್ಟರು. ಮೇಷ್ಟ್ರು ಕಾರ್ಯವೆಲ್ಲ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಡಬ್ಬಿ ತಂದಿರಲಿಲ್ಲ. ಗುಬ್ಬಿ ಏನೂ ಹೇಳದೆ ತನ್ನ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಬಡಿಸಿ ಅವರ ಮುಂದಿಟ್ಟಳಂತೆ. ಅವತ್ತಿನಿಂದ ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ, ಸುರಂಗದ ಪಕ್ಕದ ಅವರ ಕೋಣೆಯಲ್ಲಿ. ಗೋಡೆಯ ಈಚೆ ನನಗೆ ಮೇಷ್ಟ್ರ ನಗು ಕೇಳಿದ್ದೇ ಆ ದಿನಗಳಲ್ಲಿ. ಮೊದಲ ಸಲ ಯಾರೋ ಕೆಮ್ಮುತ್ತಿದ್ದಾರೆ ಎಂದುಕೊಂಡಿದ್ದೆ.

ಆ ಹೊತ್ತಿಗೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಸರದಿಯ ಪ್ರಕಾರ ನನ್ನ ಕೊರಳಿಗೆ ಬಿದ್ದಿತ್ತು. ಮೇಷ್ಟ್ರು ಡಾಕ್ಟರೇಟ್ ವಿದ್ಯಾರ್ಥಿಗಳ ಸಮಿತಿಯ ಅಧ್ಯಕ್ಷರು. ಅವರ ನಿವೃತ್ತಿ ಹತ್ತಿರ ಬರುತ್ತಿತ್ತು. ಸುರಂಗ ನೋಡಿಕೊಳ್ಳಲು ಒಬ್ಬರು ಬೇಕೆಂದು ನಾನು ಆಡಳಿತದವರ ತಲೆ ತಿಂದು ಒಂದು ಹೊಸ ಹುದ್ದೆ ತಂದೆ. ಮೇಷ್ಟ್ರು ಯಾವತ್ತೂ ನನ್ನ ಕೋಣೆಗೆ ಕೆಲಸವಿಲ್ಲದೆ ಬಂದವರಲ್ಲ. ಅವತ್ತು ಬಂದು ಬಾಗಿಲಲ್ಲೇ ನಿಂತರು.

"ಆ ಕೆಲಸಕ್ಕೆ ಗುಬ್ಬಿ ಅರ್ಜಿ ಹಾಕ್ಬಹುದಾ ಮೇಡಂ?"

"ಹಾಕ್ಲಿ ಸರ್. ಆಯ್ಕೆ ದಿನದೊಳಗೆ ಡಾಕ್ಟರೇಟ್ ಮುಗಿದಿರಬೇಕು, ಅಷ್ಟೇ."

"ಮುಗಿಯತ್ತೆ. ಅವಳಿಗೆ ಕೂರೋಕೆ ಜಾಗ ಬೇಕಾಗತ್ತಲ್ಲ, ನನ್ನ ಕೋಣೇಲೇ ಇನ್ನೊಂದು ಟೇಬಲ್ ಹಾಕಿಸಲಾ? ನಿವೃತ್ತಿ ಆದ್ಮೇಲೂ ನಾನು ಆಗಾಗ ಬಂದು ಹೋಗ್ಬಹುದು, ಅಲ್ವಾ?"

"ಮದುವೆಗೆ ಮುಂಚೆ ತೊಟ್ಟಿಲು ತಂದ ಹಾಗಾಯ್ತು," ಎಂದು ರೇಗಿಸಿದೆ. ಅವರು ನಕ್ಕರು, ಆದರೆ ಟೇಬಲ್ ಹಾಕಿಸಿಯೇ ಹಾಕಿಸಿದರು. ಕಿಟಕಿಯ ಪಕ್ಕ, ಬೆಳಕು ಬರುವ ಕಡೆ. ತಮ್ಮದನ್ನು ಗೋಡೆಯ ಕಡೆ ಸರಿಸಿಕೊಂಡರು. ಆ ಮನುಷ್ಯನಿಗೆ ಬೇಕಾದದ್ದು ಅಷ್ಟೇ ಎಂದು ನನಗೆ ಆಗ ಅರ್ಥವಾಯಿತು. ಎದುರಿಗೆ ಒಬ್ಬರು ಕೂತಿರಬೇಕು.

ಗುಬ್ಬಿಯ ಫಲಿತಾಂಶವೂ ಆಸೆ ಹುಟ್ಟಿಸುವ ಹಾಗೇ ಇತ್ತು. ಸೀಳುಗಳಿದ್ದ ರೆಕ್ಕೆಗೆ ಗಾಳಿಯ ತಡೆ ಯಾರೂ ಎಣಿಸದಷ್ಟು ಕಡಿಮೆ. ಹೊರಗಿನವರು ಬೆರಗಾಗಿ ಪತ್ರ ಬರೆಯುತ್ತಿದ್ದರು. ಮೇಷ್ಟ್ರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅವರು ತಾವಾಗಿ ಮಾತು ತೆಗೆಯುವುದು ಕಂಡು ಜನ ಗಾಬರಿಯಾಗುತ್ತಿದ್ದರು.

ಆ ದಿನಗಳಲ್ಲೇ ಶಾಲೆಯ ಮಕ್ಕಳು ಸುರಂಗ ನೋಡಲು ಬಂದರು. ಮುಖ್ಯಸ್ಥೆ ಎಂದ ಮೇಲೆ ನಾನೂ ಹಲ್ಲು ಕಿರಿದು ಸ್ವಾಗತಿಸಬೇಕಲ್ಲ, ಹೋಗಿ ನಿಂತಿದ್ದೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ ಎಂದು ಗುಬ್ಬಿ ಮಾದರಿಯನ್ನು ಕಂಬದಿಂದ ಬಿಚ್ಚಿ ತಂದಿದ್ದಳು. ಅದು ಕೈಯಿಂದ ಕೈಗೆ ಹೋಗುತ್ತಿತ್ತು. "ಗಾಳಿ ತೋರಿಸಿ, ಗಾಳಿ ತೋರಿಸಿ," ಎಂದು ಮಕ್ಕಳು ಹಟ ಹಿಡಿದವು. ಸರಿ, ಬರೀ ಕಂಬವಿದ್ದರೂ ಸದ್ದಾದರೂ ಕೇಳಲಿ ಎಂದು ಮೇಷ್ಟ್ರು ಸ್ವಿಚ್ಚಿನ ಹತ್ತಿರ ಕೂತರು. ಗುಬ್ಬಿ ಕಿಟಕಿಯ ಬಳಿ ನಿಂತಳು.

"ಗಾಳಿ!"

"ಬಿಡಿ!"

ಮಕ್ಕಳು ಕಿವಿ ಮುಚ್ಚಿಕೊಂಡು ಕಿರುಚಿದವು. ನಾನು ಮೇಷ್ಟ್ರ ಪಕ್ಕದಲ್ಲೇ ಇದ್ದೆ. ತಕ್ಕಡಿಯ ಪರದೆ ನೋಡುತ್ತಿದ್ದ ಅವರ ಮುಖ ಇದ್ದಕ್ಕಿದ್ದ ಹಾಗೆ ಬಿಳಚಿಕೊಂಡಿತು. ಪರದೆಯ ಮೇಲೆ ಸೊನ್ನೆ ಇತ್ತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಏನೂ ಇಲ್ಲದಿದ್ದರೆ ಸೊನ್ನೆ ತಾನೇ ಎಂದುಕೊಂಡೆ. ಮೇಷ್ಟ್ರು ಫ್ಯಾನ್ ನಿಲ್ಲಿಸಿ, ಮಕ್ಕಳ ಗದ್ದಲದ ನಡುವೆ ಎದ್ದು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಅಂಕಿಯ ಮುಂದೆ ಹೋಗಿ ನಿಂತರು. ಅದು ಅವರೇ ಹಿಂದೊಮ್ಮೆ ಅಳೆದು ಬರೆಸಿದ್ದ ಕಂಬದ ಟೇರ್, ಪರದೆಯ ಮೇಲೆ ಬರಬೇಕಾಗಿದ್ದದ್ದೂ ಅದೇ. ಕಂಬ ಅದೇ, ಅಂಕಿ ಅದೇ, ಎಲ್ಲ ವಿದ್ಯಾರ್ಥಿಗಳೂ ಅದನ್ನೇ ಕಳೆಯುತ್ತಿದ್ದರು. ಗುಬ್ಬಿ ಕಿಟಕಿಯ ಬಳಿ ಮಕ್ಕಳಿಗೆ ಏನೋ ತಮಾಷೆ ಹೇಳುತ್ತ ನಗುತ್ತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು.

ಆದದ್ದು ಇಷ್ಟು. ಅಕ್ಕ ತೀರಿಕೊಂಡ ವಾರವೇ ಹಳೆಯ ತಕ್ಕಡಿ ತೆಗೆದು ಹೊಸದನ್ನು ಕೂರಿಸಿದ್ದರು. ರಜೆಯಲ್ಲಿದ್ದರೂ ಮನೆಯಲ್ಲಿ ಒಬ್ಬರೇ ಇರಲಾರದೆ ಮೇಷ್ಟ್ರು ಆ ಕೆಲಸಕ್ಕೆ ಬಂದು ನಿಂತಿದ್ದರು. ಕೂರಿಸುವವನು "ಕಂಬದ ಪಾಲನ್ನ ಇದೇ ಕಳೆದು ತೋರಿಸತ್ತೆ, ಹಾಗೇ ಇಡಲಾ?" ಎಂದು ಕೇಳಿದ್ದಕ್ಕೆ ಇವರು ಹೂಂ ಎಂದಿದ್ದರು. ಆಮೇಲೆ ಅದು ಅವರ ನೆನಪಿನಿಂದಲೇ ಅಳಿಸಿಹೋಯಿತು. ತಕ್ಕಡಿ ತಾನೇ ಕಳೆದ ಟೇರನ್ನು ಗುಬ್ಬಿ ಗೋಡೆ ನೋಡಿ, ಗುರುಗಳು ಕಲಿಸಿದ ಹಾಗೆ, ಇನ್ನೊಂದು ಸಲ ಕಳೆದಿದ್ದಳು. ಸೀಳಿಲ್ಲದ ರೆಕ್ಕೆಯ ಅಳತೆಗಳು ಹಳೆಯ ತಕ್ಕಡಿಯ ಕಾಲದವು. ಹಾಗಾಗಿ ಅವಳ ರೆಕ್ಕೆಗೆ ಮಾತ್ರ ತಡೆ ಅಷ್ಟು ಕಡಿಮೆ ಕಂಡಿತ್ತು. ಊರೆಲ್ಲ ಟೇರ್ ಟೇರ್ ಎಂದು ಪ್ರಾಣ ತಿಂದ ಮನುಷ್ಯನ ಕೈಕೆಳಗೇ ಇದು ನಡೆದಿತ್ತು.

ಮೇಷ್ಟ್ರು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುಬ್ಬಿಗೆ ಡಾಕ್ಟರೇಟ್, ಕೆಲಸ, ಕಿಟಕಿ ಪಕ್ಕದ ಟೇಬಲ್. ಅವರಿಗೆ ಎದುರಿನ ಕುರ್ಚಿಯಲ್ಲಿ ಒಬ್ಬಳು. ಹಾಗೆ ಸುಮ್ಮನಿದ್ದುಬಿಡುವ ಯೋಚನೆ ಅವರಿಗೆ ಬಂದಿತ್ತೋ ಇಲ್ಲವೋ ನನಗೆ ತಿಳಿಯದು. ಮರುದಿನ ಮಧ್ಯಾಹ್ನ ಗೋಡೆಯಾಚೆ ಗುಬ್ಬಿಯ ದನಿ ಮಾತ್ರ ಕೇಳುತ್ತಿತ್ತು. "ಯಾಕೆ ಸರ್, ಉಪ್ಪು ಜಾಸ್ತಿ ಆಯ್ತಾ? ಊಟ ಹಾಗೇ ಇದೆ?" ಅವರು ಏನೋ ಗೊಣಗಿದರು. ಆ ಕ್ಷಣದಲ್ಲಿ ಅವಳಿಗೆ ಹೇಳಿಬಿಡಬಹುದಿತ್ತು. ಎದುರಿಗೇ ಕೂತಿದ್ದಳು, ಇಬ್ಬರೇ ಇದ್ದರು. ಮೇಷ್ಟ್ರು ಹೇಳಲಿಲ್ಲ.

ಅವರು ಹೇಳಿದ್ದು ಸಮಿತಿಯಲ್ಲಿ. ಗುಬ್ಬಿಯ ಪ್ರಬಂಧಕ್ಕೆ ಒಪ್ಪಿಗೆ ಕೊಡುವ ಸಭೆ. ಅಭಿನಂದಿಸೋಣ ಎಂದು ಅವಳನ್ನೂ ಕರೆಸಿದ್ದೆವು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು ತುದಿಯ ಕುರ್ಚಿಯಲ್ಲಿ ಕೂತಿದ್ದಳು. ಮೇಷ್ಟ್ರು ಎದ್ದು ನಿಂತರು. ಅಧ್ಯಕ್ಷರು ಎದ್ದು ಮಾತಾಡುವ ರೂಢಿ ನಮ್ಮಲ್ಲಿಲ್ಲ.

"ಈ ಫಲಿತಾಂಶ ತಪ್ಪು. ಟೇರ್ ಎರಡು ಸಲ ಕಳೆದಿದೆ. ತಪ್ಪು ವಿದ್ಯಾರ್ಥಿನಿಯದಲ್ಲ, ನನ್ನದು. ಅಳತೆ ಎಲ್ಲಾ ಮತ್ತೆ ಮಾಡಬೇಕು. ಈ ಪ್ರಬಂಧಾನ ನಾನು ವಾಪಸ್ ತಗೋತಿದ್ದೀನಿ."

ಅವಳ ಹೆಸರಿಗೆ ಒಂದು ಗೆರೆಯೂ ಬೀಳಬಾರದು, ಎಲ್ಲರೆದುರು ತಪ್ಪನ್ನು ತನ್ನ ಮೇಲೆ ಹಾಕಿಕೊಂಡರೆ ಅವಳು ಉಳಿಯುತ್ತಾಳೆ ಎಂಬುದು ಆ ಪುಣ್ಯಾತ್ಮನ ಲೆಕ್ಕ. ನಾನು ಗುಬ್ಬಿಯ ಕಡೆ ನೋಡಿದೆ. ಅವಳು ಮೇಷ್ಟ್ರನ್ನೇ ನೋಡುತ್ತಿದ್ದಳು, ಗುರುತು ಸಿಗದವರನ್ನು ನೋಡುವ ಹಾಗೆ.

ಸಭೆ ಮುಗಿದು ಕಾರಿಡಾರಿನಲ್ಲಿ ಅವಳು ಅವರನ್ನು ತಡೆದಳು. ನಾನು ಹಿಂದೆಯೇ ಇದ್ದೆ.

"ನಿಮಗೆ ಯಾವಾಗ ಗೊತ್ತಾಯ್ತು ಸರ್?"

"ಮಕ್ಕಳು ಬಂದ ದಿನ."

"ಆಮೇಲೂ ನನ್ನ ಜೊತೆ ಕೂತು ಊಟ ಮಾಡಿದ್ರಲ್ಲ?"

ಮೇಷ್ಟ್ರು ಕೈಯಲ್ಲಿದ್ದ ಪ್ರಬಂಧವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಅಳತೆ ಮತ್ತೆ ಮಾಡ್ತೀನಿ ಸರ್, ಅದೇನು ದೊಡ್ಡದಲ್ಲ. ನನಗೆ ಮೊದಲು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ? ಅಷ್ಟು ಜನರ ಮುಂದೆ, ನಾನೂ ಅವರಲ್ಲಿ ಒಬ್ಬಳು ಅನ್ನೋ ಹಾಗೆ... ಒಂದು ಮಾತು ಸರ್. ಒಂದೇ ಒಂದು ಮಾತು."

"ನಿನಗೆ ತೊಂದರೆ ಆಗಬಾರದು ಅಂತ..." ಎಂದರು ಮೇಷ್ಟ್ರು. ಅಕ್ಕ ಇದ್ದಿದ್ದರೆ ತಮ್ಮನ ಪರವಾಗಿ ನಾಲ್ಕು ಮಾತಾಡಿ ಎಲ್ಲ ಸರಿಮಾಡುತ್ತಿದ್ದರೇನೋ.

ಮರುದಿನ ಗುಬ್ಬಿ ಗೈಡ್ ಬದಲಾವಣೆಗೆ ಅರ್ಜಿ ಕೊಟ್ಟಳು. ಸಮಿತಿಯ ಅಧ್ಯಕ್ಷರಾಗಿ ಅದಕ್ಕೆ ಒಪ್ಪಿಗೆ ಹಾಕಬೇಕಾದವರು ಮೇಷ್ಟ್ರೇ. ಹಾಕಿದರು. ಹೊಸ ಗೈಡ್ ಎಂದು ನನ್ನ ಹೆಸರಿತ್ತು. ಲೋಹ ಮುರಿಯುವವಳಿಗೆ ಗಾಳಿಯ ಗಂಧವೂ ಇಲ್ಲ, ಆದರೆ ಕಾಗದದ ಮೇಲೆ ಒಬ್ಬರು ಇರಬೇಕಲ್ಲ. ಆಯ್ಕೆಯ ದಿನ ಬಂತು, ಹೋಯಿತು. ಅರ್ಹರಿಲ್ಲ ಎಂದು ಆ ಹುದ್ದೆಯನ್ನು ಪಕ್ಕದ ವಿಭಾಗದವರು ಎತ್ತಿಕೊಂಡು ಹೋದರು. ನಾನು ಕಿರುಚಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಬ್ಬಿ ಎಲ್ಲ ಅಳತೆಗಳನ್ನೂ ಮತ್ತೆ ಮಾಡಿದಳು, ಸೀಳಿಲ್ಲದ ರೆಕ್ಕೆಯದನ್ನೂ ಸೇರಿಸಿ. ಬೇರೆ ಪ್ರಯೋಗಾಲಯದ ಗೆಳತಿಯೊಬ್ಬಳು ಬಂದು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಗೋಡೆಯಾಚೆ ಈಗ ಎರಡೂ ಕೂಗು ಎಳೆಯ ದನಿಗಳವು. ಮೇಷ್ಟ್ರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಗೋಡೆಯ ಮೇಲಿನ ಅಂಕಿಯನ್ನು ಅವರೇ ಒಂದು ದಿನ ಬಣ್ಣ ತಂದು ಬಳಿದು ಅಳಿಸಿದ್ದರು. ಮಧ್ಯಾಹ್ನ ಅವರು ಎಲ್ಲಿ ಊಟ ಮಾಡುತ್ತಿದ್ದರೋ ಗೊತ್ತಿಲ್ಲ. ಒಮ್ಮೆ ನಾನೇ ಡಬ್ಬಿ ಹಿಡಿದು ಹೋದೆ. "ಆಯ್ತು ಮೇಡಂ, ಈಗಷ್ಟೇ ಆಯ್ತು," ಎಂದರು. ಟೇಬಲ್ ಮೇಲೆ ಡಬ್ಬಿಯೂ ಇರಲಿಲ್ಲ, ನೀರಿನ ಲೋಟವೂ ಇರಲಿಲ್ಲ. ಕಿಟಕಿ ಪಕ್ಕದ ಹೊಸ ಟೇಬಲ್ ಮಾತ್ರ ದಿನಾ ಯಾರೋ ಒರೆಸಿದ ಹಾಗೆ ಹೊಳೆಯುತ್ತಿತ್ತು.

ಸರಿಯಾಗಿ ಅಳೆದ ಮೇಲೆ ಸೀಳುಗಳ ಲಾಭ ಬಹಳ ಇಳಿಯಿತು. ಪೂರ್ತಿ ಹೋಗಲಿಲ್ಲ, ಚೂರು ಉಳಿಯಿತು. ಆ ಚೂರು ಯಾಕೆ ಉಳಿಯಿತು ಎಂಬುದನ್ನು ಗುಬ್ಬಿ ಎಷ್ಟು ಚೆನ್ನಾಗಿ ಬಿಡಿಸಿ ಬರೆದಳೆಂದರೆ ನನ್ನಂಥ ದಡ್ಡ ಗೈಡಿಗೂ ಅರ್ಥವಾಯಿತು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಟೇರ್ ತೆಗೆದಿದ್ದೀರಾ?"

"ತೆಗೆದಿದ್ದೀನಿ ಸರ್," ಎಂದಳು ಗುಬ್ಬಿ. "ಒಂದೇ ಸಲ."

ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಮೇಷ್ಟ್ರು ಯಾವಾಗ ಬಂದು ಕೂತಿದ್ದರೋ ನಾನು ನೋಡಿರಲಿಲ್ಲ. ಅವರು ನಗಲಿಲ್ಲ. ಸರಿ ಎಂಬಂತೆ ತಲೆಯಾಡಿಸಿದರು. ಚಪ್ಪಾಳೆ ಮುಗಿಯುವ ಮುಂಚೆ ಎದ್ದು ಹೋಗಿದ್ದರು.

"ಕೊನೆ ಗಾಳಿಗೆ ಅವರನ್ನ ಕರಿ," ಎಂದೆ ನಾನು. "ನನಗೆ ಆ ಯಂತ್ರ ಕಂಡ್ರೆ ಆಗಲ್ಲ. ನಿನ್ನ ಗೈಡು ಅವರೇ."

ಗುಬ್ಬಿ ಮಾದರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಬೇರೆ ಊರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಹೊರಡುವ ಸಿದ್ಧತೆಯಲ್ಲಿದ್ದಳು. "ಬೇಡ ಮೇಡಂ. ಅವರು 'ಗಾಳಿ' ಅಂದ್ರೆ ನನ್ನ ಗಂಟಲಿಂದ ಉತ್ತರ ಬರಲ್ಲ. ನನಗಿನ್ನೂ ಸಿಟ್ಟು ಹೋಗಿಲ್ಲ. ಸಿಟ್ಟೋ, ಏನೋ." ಮೂಗು ಒರೆಸಿಕೊಂಡು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಮೇಷ್ಟ್ರ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ತಟ್ಟಲಿಲ್ಲ.

ಆಮೇಲೆ ಗೋಡೆಯಾಚೆ ಸದ್ದೇ ಇಲ್ಲ. ಮೇಷ್ಟ್ರಿಗೆ ಬೇರೆ ವಿದ್ಯಾರ್ಥಿಗಳಿರಲಿಲ್ಲ, ನಿವೃತ್ತಿಗೆ ಹತ್ತಿರವಾದವರಿಗೆ ಹೊಸಬರನ್ನು ಕೊಡುವ ಹಾಗಿರಲಿಲ್ಲ. ನನ್ನ ಪೆನ್ನು ಇಟ್ಟಲ್ಲೇ ಇರುತ್ತಿತ್ತು. ಇಷ್ಟು ವರ್ಷ ಜಗಳವಾಡಿ ಕೇಳಿದ್ದ ನಿಶ್ಶಬ್ದ ಪುಕ್ಕಟೆ ಸಿಕ್ಕಿತ್ತು, ಆದರೆ ಅದರಲ್ಲಿ ಕೂತು ಒಂದು ಪುಟ ಓದಲು ಆಗುತ್ತಿರಲಿಲ್ಲ. ಆ ಕಡೆ ಒಬ್ಬ ಮನುಷ್ಯ ಇಡೀ ದಿನ ಸುಮ್ಮನೆ ಕೂತಿದ್ದಾನೆ ಎಂಬುದೇ ಕಿವಿಯಲ್ಲಿ ಇರುತ್ತಿತ್ತು.

ಒಂದು ಸಂಜೆ ನಾನು ಮನೆಗೆ ಹೊರಟು ಬ್ಯಾಗು ಹೆಗಲಿಗೆ ಹಾಕಿದ್ದೆ. ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಏನೋ ಹೇಳಲು ಹೋಗಿ, ನಿಲ್ಲಿಸಿ, ಮತ್ತೆ ಶುರುಮಾಡಿದರು.

"ಮೇಡಂ, ಸ್ವಲ್ಪ ಬಂದು ನಿಂತ್ಕೋತೀರಾ? ಕಿಟಕಿ ಹತ್ರ."

ಅವರು ಯಾರನ್ನಾದರೂ ಜೊತೆಗೆ ಬನ್ನಿ ಎಂದು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಯಾವ ಮಾದರಿ ಸರ್?" ಎಂದೆ.

"ಮಾದರಿ ಇಲ್ಲ. ಬರೀ ಕಂಬ. ಗುಬ್ಬೀದು ಕೊನೆ ಗಾಳಿ ಬಾಕಿ ಉಳಿದಿದೆ. ಅದಾಗದೆ ಅವಳ ಕೆಲಸ ಪೂರ್ತಿ ಆದ ಹಾಗಲ್ಲ."

ಹೋದೆ. ಗಾಜಿನ ಹಿಂದೆ ಆ ಕಂಬ ಒಂದೇ ನಿಂತಿತ್ತು, ಒಂದು ಮೊಳದಷ್ಟು ಎತ್ತರ, ಮೇಲೆ ಏನೂ ಇಲ್ಲ. ಆ ಕಡೆಯಿಂದ ಮೇಷ್ಟ್ರು ಕೂಗಿದರು.

"ಗಾಳಿ!"

ನಾನು ಕಾದೆ. ಫ್ಯಾನ್ ಶುರುವಾಗಲಿಲ್ಲ. ತಿರುಗಿ ನೋಡಿದರೆ ಅವರು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಗೋಡೆಯ ಈಚೆ ಕೂತು ಅಷ್ಟು ವರ್ಷ ಕೇಳಿ ಬೈದುಕೊಂಡಿದ್ದ ಮಾತು ಆಗ ನೆನಪಾಯಿತು. ಒಳಗೆ ಯಾರೂ ಇಲ್ಲ ಎಂದು ಮತ್ತೊಮ್ಮೆ ನೋಡಿದೆ.

"ಬಿಡಿ!" ಎಂದು ಕೂಗಿದೆ.

ಗಾಳಿ ಬಂತು. ಹತ್ತಿರದಿಂದ ಅದು ಅಷ್ಟೇನೂ ಕೆಟ್ಟ ಸದ್ದಲ್ಲ. ಫ್ಯಾನ್ ನಿಂತ ಮೇಲೆ ಅವರ ಬಳಿ ಹೋದೆ. ಅವರು ಪರದೆ ಆರಿಸಿಬಿಟ್ಟಿದ್ದರು. ಮುಖದಲ್ಲಿ ಬಹಳ ದಿನಗಳಿಂದ ಕಾಣದ ಒಂದು ಸಮಾಧಾನವಿತ್ತು.

"ಎಷ್ಟು ಬಂತು ಸರ್? ಸರಿ ಇದ್ಯಾ?"

"ಮೊದಲು ಅವಳಿಗೆ ಹೇಳ್ತೀನಿ," ಎಂದರು ಮೇಷ್ಟ್ರು. ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ನಿಧಾನವಾಗಿ ನಂಬರ್ ಒತ್ತಿದರು. ಆ ಕಡೆ ರಿಂಗಾಗುವುದು ನನಗೂ ಕೇಳುತ್ತಿತ್ತು. ರಿಂಗಾಗಿ, ಆಗಿ, ನಿಂತಿತು.

"ಕ್ಲಾಸಲ್ಲಿರಬೇಕು," ಎಂದರು.

ಈಗ ವಾರಕ್ಕೊಮ್ಮೆ ನಾನು ಹೋಗಿ ಆ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಅವರು ಕೂಗುತ್ತಾರೆ, ನಾನು ಉತ್ತರಿಸುತ್ತೇನೆ, ಬರೀ ಕಂಬಕ್ಕೆ ಗಾಳಿ ಬೀಸುತ್ತದೆ. ಆಮೇಲೆ ಇಬ್ಬರೂ ನನ್ನ ಡಬ್ಬಿಯಲ್ಲಿ ಊಟ ಮಾಡುತ್ತೇವೆ. ಅವರು ಅರ್ಧ ಬಿಡುತ್ತಾರೆ, ಎದ್ದು ಹೋಗಿ ಗುಬ್ಬಿಗೆ ಫೋನ್ ಹಚ್ಚುತ್ತಾರೆ, ಅದು ರಿಂಗಾಗಿ ನಿಲ್ಲುತ್ತದೆ. ಆ ಸಂಜೆ ಬಂದ ಅಂಕಿ ಎಷ್ಟೆಂದು ನನಗೆ ಇನ್ನೂ ಹೇಳಿಲ್ಲ. ಬಣ್ಣ ಬಳಿದ ಗೋಡೆಯ ಮೇಲೂ ಬರೆದಿಲ್ಲ.